ಅಕ್ಕನ ಮೊದಲನೆಯ ಪಾಠದ ಮೂರು ಗೆರೆಗಳು

ಅಕ್ಕ ಚರಿತ್ರೆ ಕಲಿಯಲು ಹೊರಟದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅವಳ ಶಾಲೆ ಏಳನೇ ತರಗತಿಗೆ ಮುಗಿದಿತ್ತು. ಅವಳು ಬೀಡಿ ಕಟ್ಟುವುದು, ನಾನು ಓದುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಒಂಬತ್ತರಲ್ಲಿ ಬಿಟ್ಟೆ. ನನ್ನ ಚರಿತ್ರೆ ಪುಸ್ತಕವನ್ನು ಅವಳು ಎರಡು ಸಲ ಓದಿದ್ದಳು. ನಾನು ಅದಕ್ಕೆ ಬೈಂಡ್ ಮಾತ್ರ ಹಾಕಿದ್ದೆ.

ಬೆರಳು ಸೋತು ಬೀಡಿ ಬಿಟ್ಟ ವರ್ಷ ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತನಗೊಂದು ಪಾಠಪಟ್ಟಿ ಬರೆದುಕೊಂಡಳು. ಕಣ್ಣಿಗೆ ಕಾಣುವುದು ಮೊದಲು, ಪುಸ್ತಕ ಆಮೇಲೆ ಎಂಬುದು ಅವಳ ಕ್ರಮ. ಬೆಳ್ತಂಗಡಿಯ ಕಡೆಗೆ ಸರಕಾರಿ ಬಸ್ಸು ಇದೆ, ಹೆಂಗಸರಿಗೆ ಟಿಕೆಟಿಲ್ಲ. ಹಾಗಾಗಿ ಗಡಾಯಿಕಲ್ಲಿನ ಕೋಟೆ ಎರಡನೇ ಪಾಠವಾಯಿತು. ಮೂಡುಬಿದಿರೆಗೆ ಖಾಸಗಿ ಬಸ್ಸೇ ಹೆಚ್ಚು. ಅಲ್ಲಿನ ಬಸದಿಗಳು ಐದನೇ ಪಾಠಕ್ಕೆ ಹೋದವು. ಮೊದಲನೆಯದಕ್ಕೆ ನಡೆದರೆ ಸಾಕು: ಬಂಟ್ವಾಳ ಪೇಟೆ, ನಮ್ಮ ಅಂಗಡಿಯ ಗೋಡೆ.

ಅದು ಅಪ್ಪನ ಕಾಲದ ಜಿನಸಿ ಅಂಗಡಿ, ಈಗ ನಾನು ನಡೆಸುತ್ತೇನೆ. ನೇತ್ರಾವತಿ ಹೊಳೆ ಉಕ್ಕಿ ಒಳಗೆ ಬಂದು ಹೋದಾಗಲೆಲ್ಲ ಅಪ್ಪ ನೀರು ನಿಂತಲ್ಲಿಗೆ ಮೊಳೆಯಿಂದ ಗೀರಿ ಪಕ್ಕದಲ್ಲಿ ಇಸವಿ ಬರೆಯುತ್ತಿದ್ದರು. ಅಂಥ ಗೆರೆ ಮೂರಿದ್ದವು.

"ಸೋಮವಾರ ಟೇಪು ತಗೊಂಡು ಬರ್ತೇನೆ. ಅಳೆಯಲಿಕ್ಕುಂಟು," ಎಂದಳು.

"ಬಾ," ಎಂದೆ.

ಗೋಡೆಯಲ್ಲಿ ಗೆರೆ ಇರಲಿಲ್ಲ. ಹಿಂದಿನ ವರ್ಷ ಒಂದು ಸೋಪಿನ ಕಂಪೆನಿಯವರು ಅಂಗಡಿಗೆ ಬಿಟ್ಟಿಯಾಗಿ ಪೇಂಟ್ ಹೊಡೆಸಿಕೊಟ್ಟಿದ್ದರು. ಗೋಡೆಗೆ ಪುಟ್ಟಿ ಮೆತ್ತುವ ಮುಂಚೆ ಪೇಂಟರ್ ನನ್ನನ್ನು ಕರೆದು, "ಇಲ್ಲಿ ಏನೋ ಬರ್ದದ್ದುಂಟು, ಬೇಕಾ?" ಎಂದು ಕೇಳಿದ್ದ. ನಾನು ಸಕ್ಕರೆ ಕಟ್ಟುತ್ತಿದ್ದೆ. ಬೇಡ ಎಂದಿದ್ದೆ.

ಭಾನುವಾರ ಬಾಗಿಲು ಹಾಕಿಕೊಂಡು ನಾನೇ ಗೆರೆ ಎಳೆದೆ. ಒಂದು ಮೊಣಕಾಲಿಗೆ, ಒಂದು ಎದೆಗೆ, ಒಂದು ತಲೆಗಿಂತ ಮೇಲೆ; ಪಕ್ಕದಲ್ಲಿ ಇಸವಿ. ಹಾಗೆಂದು ಚೆನ್ನಾಗಿ ನೆನಪಿತ್ತು.

ಅಕ್ಕ ಹೊಸ ಪೇಂಟನ್ನು ನೋಡಿದಳು. "ಇದು ಅಪ್ಪನ ಗೆರೆಯಾ?"

"ಅಳತೆ ತೆಗೆದಿಟ್ಟು ಅದೇ ಜಾಗದಲ್ಲಿ ಪುನಃ ಗೀರಿದ್ದು."

ಅವಳು ಬರೆದುಕೊಂಡಳು. ಆಮೇಲೆ ಎದುರಿನ ದರ್ಜಿಯ ಅಂಗಡಿಗೆ ಹೋಗಿ ಎದೆಯ ಗೆರೆಯ ಇಸವಿಯದ್ದೇ ಆದ ಅಲ್ಲಿನ ನೆರೆಯ ಗೆರೆಯನ್ನೂ ಅಳೆದಳು. ಒಂದೇ ಬೀದಿ, ಒಂದೇ ನೆರೆ. ನಮ್ಮಲ್ಲಿ ನೀರು ಒಂದು ಅಡಿ ಹೆಚ್ಚು.

"ನಿಮ್ಮ ಅಪ್ಪ ಅಕ್ಕಿಯನ್ನು ಇಷ್ಟು ಧಾರಾಳ ಅಳೆದದ್ದು ನಾನು ನೋಡ್ಲಿಲ್ಲ ಅಕ್ಕಾ," ಎಂದ ದರ್ಜಿ.

ಅಕ್ಕ ನಗಲಿಲ್ಲ. ಮೂರು ತಿಂಗಳು ಆ ಒಂದು ಅಡಿಯ ಹಿಂದೆ ಬಿದ್ದಳು. ಪೇಟೆಯ ಹಳಬರನ್ನೆಲ್ಲ ಕೇಳಿದಳು. ನಮ್ಮ ಅಂಗಡಿಯ ನೆಲವನ್ನು ಯಾವಾಗಲೋ ಅಗೆದು ತಗ್ಗಿಸಿರಬೇಕು ಎಂದು ಹನ್ನೊಂದು ಪುಟ ಬರೆದಳು. ಅಪ್ಪ ಯಾಕೆ ಅಗೆಸಿದರು ಎಂದು ಹುಡುಕತೊಡಗಿದಳು. ಬೆಳ್ತಂಗಡಿಯ ಬಸ್ಸು ದಿನವೂ ಹೋಗುತ್ತಿತ್ತು; ಅವಳು ಹತ್ತಲಿಲ್ಲ. ಒಂದು ಮುಗಿಯದೆ ಎರಡಕ್ಕೆ ಹೋಗಬಾರದು ಎಂದು ಪಟ್ಟಿಯಲ್ಲೇ ಬರೆದಿದ್ದಳು. ನಾನು ಅವಳಿಗೆ ಚಹಾ ತರಿಸಿಕೊಡುತ್ತಿದ್ದೆ.

ದರ್ಜಿಯ ಗಿರಾಕಿಯೊಬ್ಬರು ಮಿಜಾರಿನ ಕಡೆಯ ಒಂದು ಕಾಲೇಜಿನಲ್ಲಿ ಚರಿತ್ರೆ ಕಲಿಸುವವರು. ವಿಷಯ ಕೇಳಿ, ಶನಿವಾರ ವಿದ್ಯಾರ್ಥಿಗಳನ್ನು ಕರೆತರುತ್ತೇನೆ, ಗೋಡೆಯ ಎದುರು ನೀವೇ ವಿವರಿಸಬೇಕು ಎಂದು ಅಕ್ಕನಿಗೆ ಹೇಳಿದರು.

ಶುಕ್ರವಾರ ಅಕ್ಕ ಎರಡು ಸೀರೆ ಹಿಡಿದುಕೊಂಡು ಅಂಗಡಿಗೆ ಬಂದಳು. "ಪಾಠ ಮಾಡುವವರು ಯಾವ ಬಣ್ಣ ಉಡುವುದು ಮಾರಾಯ?"

ನಾನು ಹೇಳಿದೆ. ಸೀರೆಯ ವಿಷಯವಲ್ಲ, ಗೆರೆಯ ವಿಷಯ.

ಅವಳು ಅಕ್ಕಿ ಮೂಟೆಯ ಮೇಲೆ ಕುಳಿತಳು. "ಎದೆಗೆ ಅಂತ ನಿನಗೆ ಹೇಗೆ ಗೊತ್ತು?"

"ನಾನೇ ಅದರ ಎದುರು ನಿಂತದ್ದು ನೆನಪುಂಟು. ಎದೆಗೇ ಬರುತ್ತಿತ್ತು."

"ಆಗ ಎಷ್ಟನೇ ಕ್ಲಾಸು?"

"ನಾಲ್ಕು."

ಅಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನಾನೂ ಒಮ್ಮೆ ಕೆಳಗೆ ನೋಡಿಕೊಂಡೆ. ಅಲ್ಲಿಯವರೆಗೆ ಅದು ನನಗೆ ಹೊಳೆದಿರಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದಳು. "ಮಾಸ್ಟ್ರೇ, ನಾಳೆ ಬರುವುದು ಬೇಡ. ಗೆರೆ ಅಪ್ಪನದ್ದಲ್ಲ, ತಮ್ಮನದ್ದು." ಅವರು ಏನೋ ಕೇಳಿದರು. "ಇಲ್ಲ, ಹುಷಾರಾಗಿಯೇ ಇದ್ದಾನೆ," ಎಂದಳು.

ಹನ್ನೊಂದು ಪುಟಕ್ಕೂ ಒಂದೊಂದು ಅಡ್ಡಗೆರೆ ಎಳೆದಳು. ನೇರವಾಗಿ ಎಳೆದಳು. ಆಮೇಲೆ ಕೇಳಿದಳು: "ಅಪ್ಪನ ಅಕ್ಷರ?"

"ಪುಟ್ಟಿಯ ಅಡಿಯಲ್ಲಿ ಉಂಟು."

ಈಗ ಪ್ರತಿ ಭಾನುವಾರ ಅವಳು ಬೀಡಿ ಎಲೆ ಕತ್ತರಿಸುತ್ತಿದ್ದ ಕತ್ತರಿ ಹಿಡಿದು ಬರುತ್ತಾಳೆ. ಅದರ ತುದಿಯಿಂದ ಪುಟ್ಟಿ ಕೆರೆಯುತ್ತಾಳೆ. ನಾನು ಮೊಬೈಲಿನ ಟಾರ್ಚ್ ಹಿಡಿಯುತ್ತೇನೆ, ಪುಡಿ ಗುಡಿಸುತ್ತೇನೆ. ಇದುವರೆಗೆ ಗೇಣುದ್ದದ ಒಂದು ಗೆರೆ ಸಿಕ್ಕಿದೆ. ನನ್ನ ಸೊಂಟಕ್ಕೆ ಬರುತ್ತದೆ. ಕಳೆದ ವಾರ ಅದರ ಪಕ್ಕದಲ್ಲಿ ಒಂದು ಅಂಕೆಯ ಬಾಲ ಕಂಡಿತು.

"ಏಳಿರಬೇಕು," ಎಂದೆ.

"ನೀನು ಹೇಳಬೇಡ," ಎಂದಳು. "ಟಾರ್ಚ್ ಸರಿ ಹಿಡಿ."