ಬೋರಕ್ಕನ ಭಾನುವಾರದ ಮೀನು

ನಮ್ಮವ್ವ ಬೋರಕ್ಕನಿಗೆ ಮೀನೆಂದರೆ ಪ್ರಾಣ. ಅವಳು ಹುಟ್ಟಿದ್ದು ಹೊಸದುರ್ಗದ ಕಡೆ, ಮಾರಿಕಣಿವೆಯ ಹಿನ್ನೀರಿನ ಪಕ್ಕದ ಊರಲ್ಲಿ. ಕೊಟ್ಟಿದ್ದು ಬಬ್ಬೂರಿನ ಕುರಿ ಕಾಯುವ ಮನೆಗೆ. ನಮ್ಮಪ್ಪ ಚಿತ್ರಲಿಂಗಪ್ಪನಿಗೂ ಅವನ ಕಡೆಯವರಿಗೂ ಬಾಡೆಂದರೆ ಕುರಿಯದೇ. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಜನ. ಮದುವೆಯಾದ ಹೊಸದರಲ್ಲಿ ಅವ್ವ ತವರಿನಿಂದ ತಂದ ಮೀನಿನ ಸಾರನ್ನು ನಮ್ಮಜ್ಜಿ ಪಾತ್ರೆ ಸಮೇತ ತಿಪ್ಪೆಗೆ ಎಸೆದಳಂತೆ. ಅವ್ವ ಮತ್ತೆ ಆ ಮಾತೆತ್ತಲಿಲ್ಲ.

ಅವಳು ಬಬ್ಬೂರು ಫಾರಂನಲ್ಲಿ ಕೂಲಿಗೆ ಹೋಗುತ್ತಾಳೆ. ದಿನವಿಡೀ ಬಗ್ಗಿ ಕಳೆ ಕೀಳುವುದು, ಬಂದು ಬಗ್ಗಿ ಕಸ ಹೊಡೆಯುವುದು, ಆಮೇಲೆ ಒಲೆ ಮುಂದೆ ಕೂತು ಮುದ್ದೆ ತಿರುವುವುದು. ಅಪ್ಪನಿಗೆ ಖಾರ ಜಾಸ್ತಿ ಬೇಕು, ಅಣ್ಣ ಹನುಮೇಶನಿಗೆ ಕಮ್ಮಿ, ನನಗೆ ಮುದ್ದೆ ಬೇಡ, ಅನ್ನವೇ ಆಗಬೇಕು. ಎಲ್ಲರದೂ ಆಗಿ ತಳದಲ್ಲಿ ಉಳಿದದ್ದು ಅವಳ ಊಟ. ಸುಸ್ತಾಗಿದೆ ಎಂದು ಅವಳು ಹೇಳಿದ್ದು ನಾನು ಕೇಳಿಲ್ಲ, ನಾವು ಕೇಳಿದ್ದೂ ಇಲ್ಲ.

ಭಾನುವಾರ ಮಾತ್ರ ಸಾಮಾನು ತರುವ ನೆಪದಲ್ಲಿ ಒಬ್ಬಳೇ ಹಿರಿಯೂರಿಗೆ ಹೋಗುತ್ತಿದ್ದಳು. ಅಲ್ಲಿ ಮೀನು ಮಾರುವ ಓಬವ್ವನ ತಳ್ಳುಗಾಡಿ ಮುಂದೆ, ರಸ್ತೆಗೆ ಬೆನ್ನು ಮಾಡಿ ನಿಂತು, ಕಾವಲಿಯ ಮೇಲೆ ಕರಿದ ಮೀನಿನ ಎರಡು ತುಂಡು ತಿಂದು, ನಿಂಬೆಹಣ್ಣಿನ ಹೋಳಿನಿಂದ ಕೈ ತಿಕ್ಕಿ, ಎಲೆ ಅಡಿಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಸ್ವಂತ ದುಡಿಮೆಯಲ್ಲಿ ಕೊಂಡದ್ದನ್ನು ಕಳ್ಳಿಯ ಹಾಗೆ ತಿನ್ನುತ್ತಿದ್ದಳು.

ನಾನೊಮ್ಮೆ ಕಾಲೇಜಿನ ಗೆಳತಿಯರ ಜೊತೆ ಅಲ್ಲೇ ಗಾಡಿಯ ಆಚೆ ಬದಿಯ ಓಣಿಯಲ್ಲಿ ಹಾದು ಹೋಗುವಾಗ ನೋಡಿಬಿಟ್ಟೆ. ಅವ್ವ ಮುಳ್ಳು ಬಿಡಿಸಿ ಬಿಡಿಸಿ ತಿನ್ನುತ್ತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ. ಹೋಗಿ ಮಾತಾಡಿಸಬೇಕಿತ್ತು. ಗೆಳತಿಯರ ಮುಂದೆ ನಾಚಿಕೆಯಾಗಿ, ಕಂಡೂ ಕಾಣದ ಹಾಗೆ ಮುಂದೆ ನಡೆದೆ. ಸಂಜೆ ಹಿತ್ತಲಲ್ಲಿ ಸಿಕ್ಕಾಗ ಅವಳೇ ಮೆಲ್ಲಗೆ ಅಂದಳು, "ರೋಜಾ, ನೋಡ್ದೆ ಅಲ್ವೇನೆ? ನಿಮ್ಮಪ್ಪಂಗೆ ಹೇಳ್ಬ್ಯಾಡ." ದೊಡ್ಡ ಉಪಕಾರ ಮಾಡುವವಳ ಹಾಗೆ ತಲೆಯಾಡಿಸಿದೆ.

ಹೋದ ವರ್ಷ ಹಿರಿಯರ ಹಬ್ಬ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಎಡೆ ಇಡುವ ಹಬ್ಬ. ಅಜ್ಜನಿಗೆ ತಲೆಮಾಂಸ, ಒಂದು ಕಟ್ಟು ಬೀಡಿ. ಅಜ್ಜಿಗೆ ಕರ್ಜಿಕಾಯಿ. ಯಾರ ಬಾಯಿಗೆ ಏನು ರುಚಿ ಎನ್ನುವುದು ಅವ್ವನಿಗೆ ಬಾಯಿಪಾಠ. ಮೂರು ಗಂಟೆಗೇ ಎದ್ದವಳು ಮಧ್ಯಾಹ್ನವಾದರೂ ಒಲೆ ಬಿಟ್ಟಿರಲಿಲ್ಲ. ಹನುಮೇಶನಿಗೆ ತಮಾಷೆ ಹತ್ತಿತು.

"ಅವ್ವ, ಮುಂದೆ ನಿನ್ನ ಎಡೆಗೆ ಏನಿಡಾಣ?"

"ಲೇ, ಹಬ್ಬದ ದಿನ ಎಂಥ ಮಾತಾಡ್ತೀಯೋ," ಎಂದು ಅಪ್ಪ ಗದರಿದ.

ಅವ್ವ ಮಾತ್ರ ಸೌಟು ಕೆಳಗಿಟ್ಟು ನಮ್ಮ ಕಡೆ ತಿರುಗಿದಳು. "ಇರ್ಲಿ, ಹೇಳ್ರಿ. ಏನಿಡ್ತೀರಿ?"

ಅಪ್ಪ ತಲೆ ಕೆರೆದುಕೊಂಡು, "ತಲೆಮಾಂಸಾನೇ ಇಡಾಣ, ಅದ್ಕಿಂತ ರುಚಿ ಯಾವ್ದೈತೆ?" ಎಂದ. ಹನುಮೇಶ, "ಹೋಳಿಗೆ," ಎಂದ. ಅದು ಅವನಿಗೆ ಇಷ್ಟ. ಅವ್ವ ನನ್ನನ್ನು ನೋಡಿದಳು. ಉತ್ತರ ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಅಪ್ಪನ ಮುಖ ನೋಡಿದೆ, ಅಜ್ಜಿಯ ಫೋಟೋ ನೋಡಿದೆ, "ಹೋಳಿಗೆ," ಎಂದುಬಿಟ್ಟೆ.

"ಆಗ್ಲಿ ಬಿಡ್ರಿ," ಎಂದು ಅವ್ವ ಒಲೆಯ ಕಡೆ ತಿರುಗಿದಳು. ಗುಟ್ಟು ಕಾಯ್ದೆನೆಂದು ನನಗೆ ನಾನೇ ಎಷ್ಟು ಸಮಾಧಾನ ಹೇಳಿಕೊಂಡರೂ ಅವತ್ತು ಅರ್ಧ ಊಟಕ್ಕೇ ಎಲೆ ಮಡಿಸಿ ಎದ್ದೆ.

ದಸರಾ ಕಳೆದ ಮೇಲಿನ ಭಾನುವಾರ ಅವ್ವ ಹಿರಿಯೂರಿನಿಂದ ಬಂದವಳು ಒಳಗೆ ಬರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಚೀಲದಿಂದ ಪೊಟ್ಟಣ ತೆಗೆದು, ಬಾಳೆಲೆ ಹರವಿ, ಕರಿದ ಮೀನು ಮುಂದಿಟ್ಟುಕೊಂಡಳು. ವಾಸನೆಗೆ ಅಪ್ಪ ಹೊರಗೆ ಬಂದ. ಹನುಮೇಶನೂ ಬಂದ.

"ಏನೇ ಇದು? ನಮ್ಮ ಮನೆ ಮುಂದೆ ಮೀನಾ?" ಎಂದ ಅಪ್ಪ.

ಅವ್ವನಿಗೆ ಜಗಳವಾಡುವಷ್ಟು ತ್ರಾಣ ಇದ್ದಂತೆ ಕಾಣಲಿಲ್ಲ. ತಲೆ ಎತ್ತದೆ, ಮುಳ್ಳು ಬಿಡಿಸುತ್ತಲೇ ಅಂದಳು:

"ನಾನು ಸತ್ತ ಮ್ಯಾಲೆ ನೀವು ಇಡಲ್ಲ ಅಂತ ಗೊತ್ತಾತು. ಅದ್ಕೇ ಬದುಕಿದ್ದಾಗ್ಲೇ ನನ್ನ ಎಡೆ ನಾನೇ ಇಟ್ಕಂಡೀನಿ. ಉಣ್ಣಾಕೆ ಬಿಡ್ರಿ."

ನಾನು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಎಲೆಯ ಪಕ್ಕ ಇಟ್ಟೆ. ಅಷ್ಟು ಮಾಡಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.