ಮೌನ ಕಾಯುವ ಒಲಿಂಡಾ ಬಾಯಿ

ಬೆಳಗಿನ ಆರೂವರೆ. ದುಬೈ ಸಿಲಿಕಾನ್ ಓಯಸಿಸ್‌ನ ಪುಟ್ಟ ಕಚೇರಿಯೊಂದರಲ್ಲಿ ಒಲಿಂಡಾ ಪಾಯ್ಸ್ ಹೆಡ್‌ಫೋನ್ ಹಾಕಿ ಕುಳಿತಿದ್ದಾರೆ. ಎದುರಿನ ಪರದೆಯಲ್ಲಿ ಬ್ರಿಟಿಷ್ ಹಾಸ್ಯ ಧಾರಾವಾಹಿ. ಊರಿನ ಈಜುಕೊಳದ ಮ್ಯಾನೇಜರ್ ಯಾರೂ ಕೇಳದಿದ್ದರೂ ಸಿಬ್ಬಂದಿಯ ಮುಂದೆ ಹಾಡಲು ಎದ್ದು ನಿಂತಿದ್ದಾನೆ. "ಅಯ್ಯೋ ದೇವಾ, ಬೇಡ ಮಾರಾಯಾ, ಕೂತ್ಕೊ!" ಎಂದು ಒಲಿಂಡಾ ಮುಖ ಮುಚ್ಚಿಕೊಳ್ಳುತ್ತಾರೆ. ಬೆರಳ ಸಂದಿಯಿಂದ ನೋಡುವುದನ್ನು ಮಾತ್ರ ಬಿಡುವುದಿಲ್ಲ.

ಕಿವಿ ಕೇಳದವರಿಗಾಗಿ ಪಾತ್ರಗಳ ಮಾತನ್ನು ಅಕ್ಷರಕ್ಕಿಳಿಸಿ, ಪರದೆಯ ಅಡಿಯಲ್ಲಿ ತಕ್ಕ ಕ್ಷಣಕ್ಕೆ ಮೂಡಿಸುವುದು ಅವರ ಕೆಲಸ. ದಿನಕ್ಕೆ ಒಂದೂವರೆ ಕಂತು, ಸುಮಾರು ಏಳುನೂರು ಸಾಲು. ಅದನ್ನು ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಐವತ್ತಮೂರರ ಒಲಿಂಡಾ ಉಡುಪಿ ಬಳಿಯ ಶಿರ್ವದವರು; ಕಚೇರಿಯವರಿಗೆ 'ಬಾಯಿ', ಅಂದರೆ ಅಕ್ಕ. ಡಿಸ್ಕವರಿ ಗಾರ್ಡನ್ಸ್‌ನ ಮನೆಯಿಂದ ಕತ್ತಲಿರುವಾಗಲೇ ಮೆಟ್ರೊ ಹಿಡಿದು, ಬಸ್ಸು ಬದಲಿಸಿ ಬರುತ್ತಾರೆ. ಹತ್ತೊಂಬತ್ತು ವರ್ಷ ದುಡಿದ ಹೋಟೆಲಿನ ರಿಸೆಪ್ಶನ್ ಕೆಲಸ ಹೋದಾಗ ಕರೆದು ಕುರ್ಚಿ ಕೊಟ್ಟವರು ಈ ಕಚೇರಿಯ ಮುಖ್ಯಸ್ಥ, ಬಂಟ್ವಾಳದ ಶಾಹುಲ್ ಹಮೀದ್. ಆರು ತಿಂಗಳ ಪ್ರೊಬೇಶನ್. ಅದರಲ್ಲಿ ಎಡವಿದರೆ ವೀಸಾವೂ ಖಲಾಸ್.

ಮೂರನೇ ತಿಂಗಳಲ್ಲೇ ಎಡವಟ್ಟಾಯಿತು. ಒಂದು ಕಂತಿನಲ್ಲಿ ಆ ಮ್ಯಾನೇಜರ್ ಸಹೋದ್ಯೋಗಿಯೊಬ್ಬಳಿಗೆ ಭರ್ಜರಿ ಬೀಳ್ಕೊಡುಗೆ ಭಾಷಣ ಮಾಡುತ್ತಾನೆ. ನಾಲ್ಕು ಸೆಕೆಂಡ್ ಸ್ಮಶಾನಮೌನ. ಆಮೇಲೆ ಆಕೆ, "ನಾನು ಕೆಲಸ ಬಿಡುತ್ತಿಲ್ಲ" ಅನ್ನುತ್ತಾಳೆ. ಅತಿಥಿಯ ಕೈಯಿಂದ ಲೋಟ ಬಿದ್ದರೆ ಅವನು ನಾಚುವ ಮೊದಲೇ ಮಾತು ಬದಲಿಸುವುದು ಹೋಟೆಲಿನವರ ಮರ್ಯಾದೆ. ಒಲಿಂಡಾಗೆ ಅದು ರಕ್ತಗತ. ಆ ಸಹೋದ್ಯೋಗಿಯ ಉತ್ತರವನ್ನು ಮೂರು ಸೆಕೆಂಡ್ ಮೊದಲೇ ಮೂಡಿಸಿಬಿಟ್ಟರು. ಆಗ ಕೈಯಲ್ಲಿದ್ದ ಆರೂ ಕಂತುಗಳಲ್ಲಿ ಇದೇ ದಯೆ!

"ಪಾಪ ಕಂಡಿತು ಮಾರಾಯ್ರೆ. ಅಷ್ಟು ಜನರೆದುರು ಅವನನ್ನು ಹಾಗೇ ನಿಲ್ಲಿಸುದು ಹೇಗೆ?"

ದುಬೈಯ ಮಿರ್ದಿಫ್ ಬಡಾವಣೆಯಿಂದ ದೂರು ಬಂತು. ಬರೆದವರು ಹಲೀಮ, ಜ್ವರದಲ್ಲಿ ಶ್ರವಣಶಕ್ತಿ ಕಳೆದುಕೊಂಡ ಗೃಹಿಣಿ. "ನಾನು ಉತ್ತರ ಓದಿ ಮುಗಿಸಿದ ಮೇಲೆ ಮನೆಯವರೆಲ್ಲ ನಗುತ್ತಾರೆ. ನನಗೆ ನಗುವೇ ಬರುವುದಿಲ್ಲ" ಎಂದಿತ್ತು ಪತ್ರ. ಒಲಿಂಡಾ ರಾಜೀನಾಮೆ ಬರೆದುಕೊಂಡೇ ಶಾಹುಲ್ ಮುಂದೆ ನಿಂತರು. ಅವರು ಅದನ್ನು ಬಿಡಿಸಿಯೂ ನೋಡಲಿಲ್ಲ. "ಒಲಿಂಡಾ ಬಾಯಿ, ನಿಮ್ಮ ಮನಸ್ಸು ಒಳ್ಳೇದು, ಕೆಲಸ ಹಾಳು. ಒಂದು ವಾರ ಉಂಟು, ಆರೂ ಕಂತು ಸರಿ ಮಾಡಿ. ಆ ಹೆಂಗಸು ನಗ್ಬೇಕು. ಇಲ್ಲದಿದ್ರೆ ನಿಮ್ಮನ್ನು ಉಳಿಸ್ಲಿಕ್ಕೆ ನನ್ನಿಂದಲೂ ಆಗ್ಲಿಕ್ಕಿಲ್ಲ."

ಒಂದು ವಾರ ಒಲಿಂಡಾ ಹಲ್ಲು ಕಚ್ಚಿ ಪ್ರತಿ ಮೌನವನ್ನೂ ಪೂರ್ತಿ ಸಹಿಸಿದರು. ಶನಿವಾರ ಶಾಹುಲ್ ಅವರೊಂದಿಗೆ ಹಲೀಮರ ಮನೆಗೆ ಹೋದರು. ಟಿ.ವಿ.ಯಲ್ಲಿ ಭಾಷಣ ಮುಗಿಯಿತು. ಒಂದು, ಎರಡು, ಮೂರು, ನಾಲ್ಕು. ಒಲಿಂಡಾ ನೋಡಿದ್ದು ಹಲೀಮರ ಮುಖವನ್ನು ಮಾತ್ರ. ಸಾಲು ಮೂಡಿತು. ಗಂಡ, ಮಗಳು, ಹಲೀಮ ಒಟ್ಟಿಗೇ ಬಿದ್ದು ಬಿದ್ದು ನಕ್ಕರು. ಒಲಿಂಡಾ ಅತ್ತುಬಿಟ್ಟರು.

ಅದಾಗಿ ಮೂರು ವರ್ಷ. ಈಗಲೂ ಕ್ರಿಸ್ಮಸ್‌ನ ಮೊದಲ ಕುಸ್ವಾರ್ ತಿಂಡಿ ಡಬ್ಬಿ ಶಾಹುಲ್ ಮನೆಗೆ, ಎರಡನೆಯದು ಮಿರ್ದಿಫ್‌ಗೆ. "ಅವರಿಬ್ಬರ ಉಪಕಾರ ಮರೆತರೆ ನಾನು ಮನುಷ್ಯಳೇ ಅಲ್ಲ" ಎನ್ನುತ್ತಾರೆ.

ನೋಡುವವರಿಗೇ ನಾಚಿಕೆಯಾಗುವ ಈ ಹಾಸ್ಯದಲ್ಲಿ ಅಂಥದ್ದೇನಿದೆ ಎಂದರೆ ಒಲಿಂಡಾ ಹೆಡ್‌ಫೋನ್ ತೆಗೆದಿಟ್ಟು ಉತ್ತರಿಸುತ್ತಾರೆ. "ನಾವು ಗಲ್ಫಿನವ್ರು ಎಷ್ಟು ಅವಮಾನ ನುಂಗಿ ನಗಾಡಿದ್ದೇವೆ, ಲೆಕ್ಕ ಉಂಟಾ? ಆ ಮ್ಯಾನೇಜರನದ್ದು ಎಲ್ಲರೆದುರು ಮರ್ಯಾದೆ ಹೋಗ್ತದೆ. ಆದ್ರೂ ಮರುದಿನ ಟೈ ಕಟ್ಟಿ ಕೆಲಸಕ್ಕೆ ಬರ್ತಾನೆ. ಅದು ನೋಡಿದ್ರೆ ಧೈರ್ಯ ಬರ್ತದೆ."

ಮುಂದಿನ ಆಸೆ? ಅವರು ಹೆಡ್‌ಫೋನನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

"ಮನೆಯಲ್ಲಿ ಎಲ್ಲರೂ ನಗಾಡುವಾಗ 'ಎಂತ ಆಯ್ತು, ಯಾಕೆ ನಗಾಡ್ತೀರಿ?' ಅಂತ ಕೇಳುವವರು ಒಬ್ಬರೂ ಇರ್ಬಾರ್ದು."