ಹಳದಿ ಚುಕ್ಕಿ ಇಲ್ಲದ ಚಕ್ರ

ಎಣ್ಣೆ ಮಾವ ಅಂದರೆ ಆ ಬೀದಿಗೆಲ್ಲ ಗೊತ್ತು. ಕುಡಿಯುವ ಎಣ್ಣೆಯಲ್ಲ ಮಾರಾಯರೇ, ಗಾಡಿಗೆ ಹಾಕುವ ಎಣ್ಣೆ. ಮೂವತ್ತು ವರ್ಷದಿಂದ ಗಾಡಿಗಳ ಅಡಿಯಲ್ಲೇ ಮಲಗಿ ಬದುಕಿದ ಮೆಕ್ಯಾನಿಕ್. ಇಳಿಸಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದನೆಂದರೆ ಓಡಿಸುವವನ ಬಂಡವಾಳವೆಲ್ಲ ಬಯಲಾಗುತ್ತಿತ್ತು. ಕೈಯಾರೆ ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಹಳದಿ ಬಣ್ಣದ ಚುಕ್ಕಿ ಇಡುವುದು ಅವನ ಪದ್ಧತಿ. ಚುಕ್ಕಿ ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ಬೇರೆ ಮೆಕ್ಯಾನಿಕ್‌ಗಳು ಆಡಿಕೊಂಡು ನಗುತ್ತಿದ್ದರು, ಇವನು ಕ್ಯಾರೇ ಅನ್ನುತ್ತಿರಲಿಲ್ಲ.

ಆ ಬೆಳಿಗ್ಗೆ ಅಳಿಯ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಶೆಡ್ಡಿಗೆ ನುಗ್ಗಿಸಿದ. ಸೆಕೆಂಡ್ ಹ್ಯಾಂಡ್, ಆದರೆ ಹೊಸ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. "ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಕ್ತು ಮಾವ! ಎಷ್ಟೋ ವರ್ಷ ಯಾರದೋ ಗೋಡೌನಲ್ಲಿ ಸುಮ್ಮನೆ ನಿಂತಿತ್ತಂತೆ. ಆಯಿಲ್ ಎಲ್ಲಾ ಬದಲಾಯಿಸಿಬಿಡಿ. ಸಾಯಂಕಾಲ ಇವಳನ್ನೂ ಪಾಪೂನೂ ಕರ್ಕೊಂಡು ಬೆಟ್ಟದ ದಾರಿ ಹಿಡೀತೀನಿ." ಅಗ್ಗ ಅಂದ ಕೂಡಲೇ ಅಳಿಯನ ಬುದ್ಧಿ ಹುಲ್ಲು ಮೇಯಲು ಹೋಗುವುದು ಮಾವನಿಗೆ ಹೊಸದಲ್ಲ. ಸರಿ ಅಂತ ಗಾಡಿಯ ಅಡಿಗೆ ತೂರಿದ.

ಎಂಜಿನ್ ಆಯಿಲ್ ಇಳಿಸಿದ, ಸಾಧಾರಣ ಕಪ್ಪು. ಗೇರ್ ಬಾಕ್ಸಿನದೂ ಪರವಾಗಿಲ್ಲ. ಹಿಂದಿನ ಆಕ್ಸಲ್‌ನ ನಟ್ಟು ಸಡಿಲಿಸಿದಾಗ ಮಾತ್ರ ಹಾಲು ಹಾಕಿದ ಕಾಫಿಯಂಥದ್ದು ದಳದಳ ಸುರಿಯಿತು. ಒಳಗೆ ನೀರು ಹೊಕ್ಕಿತ್ತು. ಬೆರಳಲ್ಲಿ ಉಜ್ಜಿದರೆ ನುಣ್ಣನೆಯ ಮರಳು. ಈ ಗಾಡಿ ಎಲ್ಲೋ ಮುಳುಗಿತ್ತು.

ನಟ್ಟಿಗೆ ಮೆತ್ತಿದ್ದ ಕೆಸರನ್ನು ಒರೆಸಿದ. ಅಡಿಯಲ್ಲಿ ಹಳದಿ ಚುಕ್ಕಿ.

ಗಾಡಿಯಡಿಯಿಂದ ಹೊರಗೆ ಬಂದ. ಬಾಗಿಲಿನ ಅಂಚಿನ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದ. ಒಳಗೆ ಹಸಿರು. ಮೇಷ್ಟ್ರ ಜೀಪು! ಮಗಳಿಗೆ ಅಕ್ಷರ ಕಲಿಸಿದ ಮೇಷ್ಟ್ರು ಎಂಟು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ನಿಂತು ಅವಸರ ಮಾಡಿದ್ದರು. ಮಿಕ್ಕ ಎಣ್ಣೆಯೆಲ್ಲ ಬದಲಾಯಿಸಿ ಬ್ರೇಕ್ ಆಯಿಲ್‌ಗೆ ಬರುವಷ್ಟರಲ್ಲಿ ಇವನಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಮುಂದಿನ ಸಲ ನೋಡಿದರಾಯಿತು ಅಂದುಕೊಂಡ. "ಎಲ್ಲಾ ಬದಲಾಯಿಸಿದ್ಯೇನಪ್ಪಾ?" ಎಂದು ಅವರು ಕೇಳಿದಾಗ "ಹೂಂ" ಅಂದ. ಮರುದಿನ ಬೆಟ್ಟ ಇಳಿಯುವಾಗ ಜೀಪು ಸೇತುವೆಯ ಕಟ್ಟೆ ಒಡೆದು ಹೊಳೆಗೆ ಬಿತ್ತು, ಮೇಷ್ಟ್ರು ಹೋದರು. ತೂಕಡಿಸಿರಬೇಕು ಅಂತ ಊರು ಹೇಳಿತು. ಇವನೂ ತಲೆಯಾಡಿಸಿದ. ಹಾಗೆ ತಲೆಯಾಡಿಸಿಕೊಂಡೇ ಎಂಟು ವರ್ಷ ನೆಮ್ಮದಿಯಾಗಿ ಉಂಡು ಮಲಗಿದ್ದ, ನಾಚಿಕೆಗೆಟ್ಟವನು.

ಚಕ್ರಗಳ ಬಳಿಗೆ ತೆವಳಿದ. ಬ್ರೇಕ್ ಆಯಿಲ್ ಇಳಿಸುವ ಪುಟ್ಟ ನಟ್ಟುಗಳು ನಾಲ್ಕು, ಒಂದರ ಮೇಲೂ ಚುಕ್ಕಿಯಿಲ್ಲ. ಸಡಿಲಿಸಿದರೆ ಮಸಿನೀರು ತೊಟ್ಟಿಕ್ಕಿತು. ಹಳೆಯ ಬ್ರೇಕ್ ಆಯಿಲ್ ಉದ್ದದ ಇಳಿಜಾರಿನಲ್ಲಿ ಕಾದು ಕುದಿಯುತ್ತದೆ. ಆಮೇಲೆ ಪೆಡಲ್ ನೆಲ ಮುಟ್ಟುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಅದು ಅವನಿಗೆ ಅವತ್ತೂ ಗೊತ್ತಿತ್ತು.

ಸಾಯಂಕಾಲದ ಹೊತ್ತಿಗೆ ಮಿಕ್ಕ ಎಣ್ಣೆಯ ಜೊತೆ ನಾಲ್ಕೂ ಚಕ್ರದ ಬ್ರೇಕಿಗೂ ಹೊಸ ಎಣ್ಣೆ ತುಂಬಿ ಆಗಿತ್ತು. ಹಳದಿ ಡಬ್ಬಿ ತೆರೆದ. ಚುಕ್ಕಿ ಇಡದೆ ಮತ್ತೆ ಮುಚ್ಚಿಬಿಟ್ಟ. ಅಷ್ಟರಲ್ಲಿ ಮಗಳು ಪಾಪುವನ್ನು ಎತ್ತಿಕೊಂಡು ಬಂದಳು.

"ಎಲ್ಲಾ ಬದಲಾಯಿಸಿದ್ಯೇನಪ್ಪಾ?"

ಹೂಂ ಅಂದಿದ್ದರೆ ಈ ಸಲ ಅದು ನಿಜವೇ ಆಗುತ್ತಿತ್ತು. ಮಾವ ಎದ್ದು ಜೀಪಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ.

"ಈ ಗಾಡೀಲಿ ಯಾರೂ ಹೋಗೋದು ಬೇಡ" ಅಂದ. ಮಗಳ ಮುಖ ನೋಡಲಾಗದೆ ಪಾಪುವಿನ ಪುಟ್ಟ ಪಾದ ನೋಡುತ್ತ ನಿಂತ. "ನಿಮ್ಮ ಮೇಷ್ಟ್ರು ಅವತ್ತು ತೂಕಡಿಸಿರಲಿಲ್ಲ ಕಣಮ್ಮಾ."